ತಿಕೋಟಾದಿಂದ ತಿರುಗಿದ ಜೀಪು

ಕಳೆದ ವಾರ ಮಾರುಕಟ್ಟೆಯಲ್ಲಿ ವ್ಯಾಪಾರಿಯೊಬ್ಬ ಒಣದ್ರಾಕ್ಷಿ ಪೆಟ್ಟಿಗೆ ಬಿಚ್ಚಿದಾಗ ಗಂಧಕದ ಘಾಟು ಮೂಗಿಗೆ ಬಡಿಯಿತು. ಅದರ ಹಿಂದೆಯೇ ವರ್ಷಗಳ ಹಿಂದಿನ ಜೀಪಿನ ಬಿಸಿ ಸೀಟು, ಸ್ಪಿರಿಟ್ ವಾಸನೆ, ಪಕ್ಕದಲ್ಲಿ ಕುಳಿತಿದ್ದ ಸಿಸ್ಟರ್ ನೆನಪಾದರು…

ಅವರು ವಿಜಯಪುರದ ಆಸ್ಪತ್ರೆಯೊಂದರ ಮಧುಮೇಹ ಸಂಶೋಧನಾ ತಂಡದಲ್ಲಿ ನರ್ಸ್ ಆಗಿದ್ದರು. ದುಡಿಯುವ ಜಾಗಕ್ಕೇ ಹೋಗಿ ರಕ್ತದ ಸಕ್ಕರೆ ಅಳೆದು ಇನ್ಸುಲಿನ್ ಪ್ರಮಾಣ ಹೊಂದಿಸಿದರೆ ರೋಗ ಹತೋಟಿಗೆ ಬರುತ್ತದೆಯೇ ಎಂಬುದು ಅಧ್ಯಯನದ ಪ್ರಶ್ನೆ. ಪತ್ರಿಕೆಗೆ ವರದಿ ಮಾಡಲು ನಾನು ಒಂದು ದಿನ ಅವರ ಜೊತೆ ಹೋಗಿದ್ದೆ.

ಬಿಜ್ಜರಗಿಯ ಶೆಡ್ಡಿನಲ್ಲಿ ಹೆಂಗಸರು ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದರು. ಅವರಲ್ಲಿ ಹಿರಿಯಳೊಬ್ಬಳು ಅಧ್ಯಯನಕ್ಕೆ ಸೇರಿದ್ದಳು. ಸಿಸ್ಟರ್ ಅವಳನ್ನು ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಮುಂಚಿನ ಹೊತ್ತು. ಕಾಕೂ ಸೆರಗಿಗೆ ಕೈ ಒರೆಸಿ ಬೆರಳು ಚಾಚಿದಳು. ಸಿಸ್ಟರ್ ಸ್ಪಿರಿಟ್ ಹತ್ತಿಯಿಂದ ಒರೆಸಿ ಚುಚ್ಚಿದರು. ಯಂತ್ರ ನಾನೂರರ ಹತ್ತಿರ ತೋರಿಸಿತು. ಏನು ತಿಂದಿದ್ದೀ ಎಂದು ಕೇಳಿದರೆ ಬೆಳಗಿನ ರೊಟ್ಟಿ ಬಿಟ್ಟು ಏನೂ ಇಲ್ಲ ಎಂದಳು.

“ಸಕ್ರಿ ನನ್ನ ಮೈಯಾಗಿಲ್ಲವಾ, ಈ ಶೆಡ್ಡಿನಾಗ ಐತಿ. ಇದಕ್ಕ ಚುಚ್ಚು ನಿನ್ನ ಸೂಜಿ.”

ಹೆಂಗಸರೆಲ್ಲ ನಕ್ಕರು. ಸಿಸ್ಟರ್ ಕೂಡ ನಕ್ಕರು. ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಪ್ರಮಾಣ ಏರಿಸಿ ಸೂಜಿ ಹಾಕಿದರು. ಈಗಲೇ ಉಣ್ಣಬೇಕು ಎಂದು ಕಾಕೂಗೆ ತಿಳಿಸಿದರು. ಅವಳು ನಮ್ಮ ಕೈಗೆ ಒಂದೊಂದು ಮುಷ್ಟಿ ದ್ರಾಕ್ಷಿ ಹಾಕಿ ಕಳಿಸಿದಳು.

ಮುಂದೆ ಹೋಗಬೇಕಿದ್ದದ್ದು ಬಬಲೇಶ್ವರದ ಕಡೆಯ ಸಾರವಾಡಕ್ಕೆ. ತಿಕೋಟಾ ಬರುವ ಹೊತ್ತಿಗೆ, ದ್ರಾಕ್ಷಿ ತಿನ್ನುತ್ತಿದ್ದ ಸಿಸ್ಟರ್ ಒಮ್ಮೆಲೇ ತಮ್ಮ ಅಂಟುಬೆರಳುಗಳನ್ನು ದಿಟ್ಟಿಸಿದರು. ಜೀಪು ನಿಲ್ಲಿಸಲು ಹೇಳಿದರು. ಕಾಕೂಗೆ ಮಾಡಿದಂತೆಯೇ ಸ್ಪಿರಿಟ್ ಹತ್ತಿಯಿಂದ ಒರೆಸಿ ತಮ್ಮ ಬೆರಳನ್ನೇ ಚುಚ್ಚಿಕೊಂಡರು. ಅವರಿಗೆ ಮಧುಮೇಹವಿರಲಿಲ್ಲ. ಯಂತ್ರ ಮುನ್ನೂರು ದಾಟಿತ್ತು. ಬಾಟಲಿ ನೀರಿನಿಂದ ಕೈ ತಿಕ್ಕಿ ತೊಳೆದು ಮತ್ತೆ ಚುಚ್ಚಿದರು. ನೂರರ ಆಸುಪಾಸು.

“ಗಾಡಿ ತಿರುಗಸ್ರಿ,” ಎಂದರು. “ಆಕಿ ಬೆರಳಿಗೆ ಹತ್ತಿದ ಸಕ್ರಿ ಅಳದು ಸೂಜಿ ಹಾಕೇನಿ ನಾ.”

ಬೇಡದ ಇನ್ಸುಲಿನ್ ಕಾಕೂವಿನ ಮೈಯಲ್ಲಿ ಕೆಲಸ ಶುರುಮಾಡಿತ್ತು; ಸಕ್ಕರೆ ತೀರಾ ಇಳಿದರೆ ಜೀವಕ್ಕೇ ಅಪಾಯ. ಶೆಡ್ ಮಾಲೀಕನಿಗೆ ಮತ್ತೆ ಮತ್ತೆ ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ. ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂತು. ಚಾಲಕ ಹಾರ್ನ್ ಒತ್ತಿದಷ್ಟೂ ಕುರಿಗಳು ಗುಂಪಾದವು. ಸಿಸ್ಟರ್ ಇಳಿದು, ಅವುಗಳ ನಡುವೆ ನುಗ್ಗಿ, ಕೈಯಿಂದ ತಳ್ಳುತ್ತ ದಾರಿ ಬಿಡಿಸಿದರು.

ಕಾಕೂ ಉಂಡಿರಲಿಲ್ಲ. ಕೈಯಲ್ಲಿದ್ದ ಪೆಟ್ಟಿಗೆ ಮುಗಿಸದೆ ಉಣ್ಣಲು ಏಳುವ ರೂಢಿ ಆ ಶೆಡ್ಡಿನಲ್ಲಿರಲಿಲ್ಲ. ಕಂಬಕ್ಕೆ ಒರಗಿದ್ದಳು. ಕುಪ್ಪಸ ಬೆವರಿಗೆ ತೊಯ್ದಿತ್ತು. ತೂಕಡಿಸುತ್ತಿದ್ದಾಳೆ ಎಂದು ಉಳಿದವರು ಸುಮ್ಮನಿದ್ದರು. ಕರೆದರೆ ಕಣ್ಣು ತೆರೆದಳು, ಆದರೆ ನಮ್ಮ ಗುರುತು ಹಿಡಿಯಲಿಲ್ಲ. ಸಿಸ್ಟರ್ ಗ್ಲುಕೋಸ್ ನೀರನ್ನು ಸ್ವಲ್ಪಸ್ವಲ್ಪವೇ ಕುಡಿಸಿದರು.

“ನುಂಗ ಬೇ ಕಾಕೂ… ಇನ್ನೊಂದ ಗುಟುಕ.”

ಬಹಳ ಹೊತ್ತು ಅನ್ನಿಸುವಷ್ಟು ಕಾದೆವು. ಕೊನೆಗೆ ಕಾಕೂವಿನ ನೋಟ ನೆಟ್ಟಗಾಯಿತು.

“ಈಗರೆ ಹೋಗಿದ್ದಿ, ಮತ್ಯಾಕ ಬಂದಿ? ಸೂಜಿ ಉಳದಾವೇನ?”

ಸಿಸ್ಟರ್ ಅವಳಿಗೆ ರೊಟ್ಟಿ ಮುರಿದು ತಿನ್ನಿಸಿ, ಆಮೇಲೆ ನೆಲದ ಮೇಲೆ ಕುಳಿತರು.

ತಪ್ಪು ತಮ್ಮದೆಂದು ಅಂದೇ ಅವರು ಆಸ್ಪತ್ರೆಗೆ ವರದಿ ಕೊಟ್ಟರು. ಶೆಡ್ಡುಗಳಲ್ಲಿ ತೆಗೆದಿದ್ದ ಅಳತೆಗಳನ್ನೆಲ್ಲ ಅಧ್ಯಯನದಿಂದ ಕೈಬಿಡಲಾಯಿತು. ಸಾಬೂನಿನಿಂದ ಕೈ ತೊಳೆಸಿಯೇ ಚುಚ್ಚಬೇಕೆಂಬ ನಿಯಮ ಬಂತು. ಸಿಸ್ಟರ್‌ಗೆ ಹಳ್ಳಿ ಸುತ್ತುವುದನ್ನು ಬಿಡಿಸಿ ನಗರದೊಳಗಿನ ಕೆಲಸ ಕೊಟ್ಟರು. ಅದು ಶಿಕ್ಷೆಯೋ ಅಲ್ಲವೋ ಖಚಿತಪಡಿಸಿಕೊಳ್ಳಲು ನನಗಾಗಲಿಲ್ಲ, ಹಾಗಾಗಿ ಬರೆಯಲಿಲ್ಲ. ಉಳಿದದ್ದನ್ನು ಬರೆದೆ. ಅವರೇ ಬರೆಯಿರಿ ಎಂದಿದ್ದರು.

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಮೊನ್ನೆ ನಾನು ಬಿಜ್ಜರಗಿಯ ಕಾಕೂ ಮನೆಗೆ ಹೋದಾಗ ಅವಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಹೇಳಿದೆ.

“ಹೇಳದ ಕೇಳದ ಬರೂದ ಬಿಟ್ಟಳಂತ ಸಿಟ್ಟ ಇಟಗೊಂಡಿದ್ನೆಪ್ಪಾ. ಬಂದ್ರ ಚಲೋತಂಗ ಬೈಬೇಕಂತ ಕಾಯಾಕತ್ತಿದ್ದೆ…”

ಒಳಗಿನಿಂದ ಸೊಸೆ ಚಹಾ ತಂದಿಟ್ಟಳು. ಕಾಕೂ ಅದನ್ನು ಮುಟ್ಟಲಿಲ್ಲ.

“ಇನ್ನ ಯಾರಿಗೆ ಬೈಲಿ?”