ಥರ್ಮಾಕೋಲ್ ಕೆರೆಯ ಕೋಡಿ

ತುಮಕೂರಿನ ಒಂದು ಸ್ಕೂಲಿಗೆ ಪುಟ್ಟ ರೈಲು ಓಡುವ ಮಾಡೆಲ್ ಮಾಡಿಕೊಡುತ್ತಿದ್ದೆ. ಥರ್ಮಾಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಕೆತ್ತಿ, ಗುಡ್ಡ ಮಾಡಿದ್ದೆ. ಗುಡ್ಡದ ಬುಡದಲ್ಲಿ ತುಂಬಿದ ಕೆರೆ, ಕೆರೆ ಏರಿಯ ಕೆಳಗೇ ರೈಲು ಹಳಿ. ಮಾರನೇ ದಿನವೇ ಪ್ರದರ್ಶನ.

ಸ್ಕೂಲಿನ ವಾಚ್‌ಮನ್ ಗುಬ್ಬಿ ಕಡೆಯ ಹಾಗಲವಾಡಿಯವರು. ಬಂದು ತುಂಬ ಹೊತ್ತು ನೋಡಿದರು, ರೈಲನ್ನಲ್ಲ, ಕೆರೆಯನ್ನ.

“ಇದ್ರ ಕೋಡಿ ಎಲ್ಲೈತೆ ಸಾ?”

“ಅದು ನೀರಲ್ಲ ಅಣ್ಣ, ತಿಳಿ ಗೋಂದು ಸುರಿದಿರೋದು.”

“ಗೋಂದೇ ಇರ್ಲಿ ಬುಡಿ. ತುಂಬಿದ್ ಕೆರೆ ತಾನೇ ಮಾಡಿರೋದು? ಹೆಚ್ಚಾದ್ ನೀರು ಎತ್ತಾಗೋಗ್ಬೇಕು? ನಿಮ್ ರೈಲ್ ಮೇಲೇನಾ?”

ನನಗೆ ಸಿಟ್ಟೇ ಬಂತು. ಹಳಿಯ ಒಂದೊಂದು ತಿರುವನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಕೂರಿಸಿದವನು ನಾನು. ಆದರೆ ಅವರು ಅತ್ತ ಹೋದ ಮೇಲೆ, ನೋಡಿದಾಗಲೆಲ್ಲ ಆ ಏರಿ ಈಗಲೋ ಆಗಲೋ ಒಡೆಯುವ ಹಾಗೇ ಕಾಣತೊಡಗಿತು. ಕೊನೆಗೆ ಅಂಟಿಸಿದ್ದ ಹಳಿ ಕಿತ್ತೆ. ಏರಿಯ ತುದಿಯಲ್ಲಿ ಕೋಡಿ ಕೊರೆದು, ಹಳಿಯ ಅಡಿಗೆ ಒಂದು ಮೋರಿ ಮಾಡಿ, ಮತ್ತೆ ಎಲ್ಲವನ್ನೂ ಅಂಟಿಸಿದೆ.

ಬೆಳಿಗ್ಗೆ ಹೆಡ್‌ಮಾಸ್ಟರು ರಿಬ್ಬನ್ ಕತ್ತರಿಸಿ, “ಶುರು ಮಾಡಿ” ಅಂದರು. ನನ್ನ ಕೈ ಸ್ವಿಚ್ ಮೇಲೇ ಇತ್ತು, ಕಣ್ಣು ಮಾತ್ರ ವಾಚ್‌ಮನ್ ಕಡೆ.

ಅವರು ಬಗ್ಗಿ, ಮೋರಿಯೊಳಗೆ ಇಣುಕಿ ನೋಡಿ ಎದ್ದರು.

“ಹ್ಞಾ, ಈಗ ಬುಡಿ ಸಾ ರೈಲ್ನ.”