ಜಿಜಾನಿನಲ್ಲಿ ಕೆಳಗಿಟ್ಟ ಕಾಫಿ

ನಾವು ಅಬ್ಕೈಕ್ ಬಿಟ್ಟದ್ದು ಸೋಮವಾರ ಸಂಜೆ ನಾಲ್ಕೂವರೆಗೆ, ನನ್ನ ತರಗತಿ ಮುಗಿದ ಕೂಡಲೇ. ಗಾಡಿ ಅಬ್ಬಾಸ್ ಬ್ಯಾರಿಯವರ ಹಳೆಯ ಪಿಕಪ್. ಮುಂದಿನ ಸೀಟಿನಲ್ಲೇ ಮೂವರೂ ಒತ್ತಿಕೊಂಡು ಕೂತಿದ್ದೆವು: ಸ್ಟಿಯರಿಂಗ್ ಹಿಡಿದ ಬ್ಯಾರಿಯವರು, ನಡುವೆ ನಾನು, ಕಿಟಕಿಯ ಪಕ್ಕ ನನ್ನ ಶಿಷ್ಯ ಯಹ್ಯಾ. ಹೋಗಬೇಕಾದದ್ದು ಜಿಜಾನಿಗೆ. ದೇಶದ ಈ ಮೂಲೆಯಿಂದ ಆ ಮೂಲೆಗೆ, ಸಾವಿರದ ಐನೂರು ಕಿಲೋಮೀಟರಿಗೂ ಮೇಲೆ. ಗುರುವಾರ, ಶುಕ್ರವಾರ ಅಲ್ಲಿ ವಾರದ ರಜೆ, ಅದಕ್ಕೆ ಎರಡು ದಿನ ಸೇರಿಸಿ ಪಡೆದಿದ್ದೆ; ಶನಿವಾರ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ವಾಪಸು ಬಂದಿರಬೇಕು.

ಇದು ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಅಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ಸೌದಿ ಹುಡುಗರಿಗೆ ಇನ್‌ಸ್ಟ್ರುಮೆಂಟ್ ಕೆಲಸ ಕಲಿಸುತ್ತಿದ್ದೆ. ತೈಲ ಸಂಸ್ಕರಣೆಯ ಸ್ಥಾವರದಲ್ಲಿ ಒತ್ತಡ, ಉಷ್ಣತೆ ಅಳೆಯುವ, ಗಾಳಿಯಿಂದ ನಡೆಯುವ ಉಪಕರಣಗಳನ್ನು ಬಿಚ್ಚುವುದು, ಸರಿಮಾಡುವುದು, ಜೋಡಿಸುವುದು. ಹನ್ನೆರಡು ಜನರ ತರಗತಿಯಲ್ಲಿ ಯಹ್ಯಾ ಮೊದಲಿಗ. ಇಂಗ್ಲೆಂಡಿನಲ್ಲಿ ಎರಡು ವರ್ಷ ಓದುವ ವಿದ್ಯಾರ್ಥಿವೇತನಕ್ಕೆ ಅವನ ಹೆಸರು ಬಂದಿತ್ತು. ಆದರೆ ಅವನಿಗಿನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಅರ್ಜಿಯ ಮೇಲೆ ತಂದೆಯ ಮುದ್ರೆ ಬೇಕು, ತಂದೆ ಒಲ್ಲೆ ಎನ್ನುತ್ತಿದ್ದರು. ಎರಡು ಸಲ ಟೆಲಿಫೋನಿನಲ್ಲಿ ಒಂದೇ ಉತ್ತರ: "ತರಬೇತಿಗೆ ಎರಡು ವರ್ಷ ಅಂದಿದ್ದೆ, ಮುಗಿಯಿತು, ಬಾ." ಶನಿವಾರದೊಳಗೆ ಅರ್ಜಿ ಬಾರದಿದ್ದರೆ ಸೀಟು ಮುಂದಿನವನಿಗೆ. ಯಹ್ಯಾ ನನ್ನ ಬಳಿ ಬಂದು ತರಗತಿಯ ಇಂಗ್ಲಿಷಿನಲ್ಲಿ, "ಉಸ್ತಾದ್, ನೀವು ಬಂದರೆ ಅಪ್ಪ ಕೇಳಬಹುದು" ಎಂದ. ಉಸ್ತಾದ್ ಎಂದರೆ ಮೇಷ್ಟ್ರು. ಹಾಗೆ ಕರೆದರೆ ನಾನು ಉಬ್ಬಿಹೋಗುವವನೆಂದು ಹುಡುಗನಿಗೆ ಗೊತ್ತಿತ್ತು.

ಬ್ಯಾರಿಯವರದು ಉಳ್ಳಾಲ, ಅಬ್ಕೈಕಿನಲ್ಲಿ ಕಿರಾಣಿ ಅಂಗಡಿ. ಜಿಜಾನಿನಲ್ಲಿ ಅವರ ಭಾವನಿದ್ದಾನೆ. ಭಾವನನ್ನು ನೋಡಿದ ಹಾಗೂ ಆಯಿತು, ನನಗೆ ಅರಬ್ಬಿ ಭಾಷಾಂತರ ಮಾಡಿದ ಹಾಗೂ ಆಯಿತು ಎಂದು ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹೊರಟಿದ್ದರು. ನನ್ನ ಅರಬ್ಬಿ ಐದು ವರ್ಷದ ನಂತರವೂ "ಯಲ್ಲಾ", "ಖಲಾಸ್"ಗಳ ಆಚೆ ದಾಟಿರಲಿಲ್ಲ.

ಆ ರಾತ್ರಿ ರಿಯಾದಿನಲ್ಲಿ ಮಲಗಿ ಮಂಗಳವಾರ ಬೆಳಕು ಹರಿಯುವಾಗ ದಕ್ಷಿಣಕ್ಕೆ ತಿರುಗಿದೆವು. ಜನವರಿಯ ಚಳಿ, ಸ್ವೆಟರಿನೊಳಗೂ ನಡುಕ. ರಸ್ತೆ ನೆಟ್ಟಗೆ, ಎರಡೂ ಕಡೆ ಮರಳು, ಅಲ್ಲಲ್ಲಿ ಒಂಟೆ. ನೂರಾರು ಕಿಲೋಮೀಟರಿನವರೆಗೆ ವರ್ಣಿಸಲು ಬೇರೇನೂ ಇಲ್ಲ, ಇದೆಯೆಂದು ಬರೆದರೆ ಸುಳ್ಳಾಗುತ್ತದೆ. ಚೆಕ್‌ಪೋಸ್ಟಿನಲ್ಲಿ ಪೊಲೀಸ್ ನನ್ನ ವಾಸದ ಪರವಾನಗಿಯಾದ ಇಕಾಮಾ ನೋಡಿ, ಊರು ಬಿಟ್ಟು ಹೋಗಲು, ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಕೊಟ್ಟ ಪತ್ರ ನೋಡಿ, "ಮಾಸ್ಟರ್ ಜಿಜಾನಿಗೆ ಯಾಕೆ?" ಎಂದು ಕೇಳಿದ. ಯಹ್ಯಾ ಉತ್ತರ ಕೊಟ್ಟ. ಪೊಲೀಸ್ ನಗುತ್ತ ಅವನ ಬೆನ್ನು ತಟ್ಟಿ ಬಿಟ್ಟ. ಮಧ್ಯಾಹ್ನಕ್ಕೆ ರಸ್ತೆಬದಿಯ ಹೋಟೆಲಿನಲ್ಲಿ ಕೋಳಿ, ಅನ್ನ. ನಾನು ಸಸ್ಯಾಹಾರಿ, ನನಗೆ ಬೇಯಿಸಿದ ಅವರೆಯಂಥ ಕಾಳಿನ ಫೂಲ್ ಮತ್ತು ತಟ್ಟೆಗಾತ್ರದ ರೊಟ್ಟಿ. ಮೂರು ರಿಯಾಲಿಗೆ ಹೊಟ್ಟೆ ತುಂಬಿತು.

ಅಂದು ವಾದಿ ದವಾಸಿರಿನಲ್ಲಿ ತಂಗಿ, ಬುಧವಾರ ಬೆಳಿಗ್ಗೆ ಖಮೀಸ್ ಮುಶೈತ್ ದಾಟಿ ಘಾಟಿ ಇಳಿಯತೊಡಗಿದೆವು. ಮೇಲೆ ಮಂಜು, ಒಂದೊಂದು ತಿರುವಿಗೂ ಒಂದೊಂದು ಬಟ್ಟೆ ಕಳಚುವಂತೆ ಸೆಕೆ. ಅರ್ಧ ಇಳಿದ ಮೇಲೆ ಯಹ್ಯಾ ಸಂಕೋಚದಿಂದ ಹೇಳಿದ. "ಉಸ್ತಾದ್, ಒಂದು ಮಾತು. ಅತಿಥಿ ಬಂದರೆ ನಮ್ಮಲ್ಲಿ ಮೂರು ದಿನ ಯಾಕೆ ಬಂದೆ ಅಂತ ಕೇಳುವ ಹಾಗಿಲ್ಲ. ಅತಿಥಿಯೂ ಬಂದ ಕೆಲಸ ಎತ್ತಿದರೆ ಮನೆಯವರಿಗೆ ಅವಮಾನ, ಅನ್ನ ಹಾಕುವ ಮೊದಲೇ ಲೆಕ್ಕ ಕೇಳಿದ ಹಾಗೆ."

ನನಗೆ ಪಿತ್ತ ನೆತ್ತಿಗೇರಿತು. ನಾಳೆ ಮಧ್ಯಾಹ್ನ ನಾವು ಹೊರಡಬೇಕು! "ಇದನ್ನು ಅಬ್ಕೈಕಿನಲ್ಲೇ ಬೊಗಳಬಾರದಿತ್ತಾ?" ಎಂದು ಕನ್ನಡದಲ್ಲೇ ಬೈದೆ. ಬ್ಯಾರಿಯವರು ಸ್ಟಿಯರಿಂಗ್ ತಟ್ಟಿ ನಕ್ಕರು. "ಬೈಬೇಡಿ ಮಾಷ್ಟ್ರೇ, ಮೊದ್ಲೇ ಹೇಳಿದ್ರೆ ನೀವು ಬರ್ತಿರ್ಲಿಲ್ಲ ಅಂತ ಅವನಿಗೆ ಗೊತ್ತುಂಟು. ಹುಡುಗ ಬುದ್ಧಿವಂತ ಮಾರಾಯ್ರೆ."

ಜಿಜಾನ್ ತಲುಪಿದಾಗ ನಾಲ್ಕು ಗಂಟೆ. ಇಳಿದ ಕೂಡಲೇ ಅಂಗಿ ಬೆನ್ನಿಗಂಟಿತು. ಒಣಮೀನಿನ ವಾಸನೆ, ಉಪ್ಪುಗಾಳಿ, ಸೊಂಟಕ್ಕೆ ಪಂಚೆಯಂಥದ್ದು ಸುತ್ತಿಕೊಂಡ ಗಂಡಸರು, ಬುಟ್ಟಿಯಲ್ಲಿ ಮಲ್ಲಿಗೆ. ಐದು ವರ್ಷ ಒಣ ಮರಳಿನಲ್ಲಿ ಬದುಕಿದ ನನಗೆ ಮಲ್ಪೆ ಬಂದರಿನ ದಕ್ಕೆಗೆ ಬಂದು ನಿಂತ ಹಾಗಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣು ಒದ್ದೆಯಾಯಿತು.

ಯಹ್ಯಾನ ತಂದೆಯನ್ನು ಎಲ್ಲರೂ ಕರೆಯುವುದು ಅಬೂ ಯಹ್ಯಾ, ಯಹ್ಯಾನ ಅಪ್ಪ, ಎಂದೇ. ಎರಡು ಮೀನುಗಾರಿಕೆಯ ದೋಣಿಗಳ ಯಜಮಾನ, ಐವತ್ತು ದಾಟಿದ ಗಟ್ಟಿ ಆಳು, ಕೈಯಲ್ಲಿ ಹಗ್ಗ ಎಳೆದ ಗುರುತು. ಮಗನ ಹಣೆಗೆ ಮುತ್ತಿಟ್ಟರು, ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಗೋಡೆಗುಂಟ ದಿಂಬು ಹಾಕಿದ ಚಾವಡಿಯಲ್ಲಿ ಆಗಲೇ ಏಳೆಂಟು ಜನ ನೆಂಟರು, ನೆರೆಯವರು ಕೂತಿದ್ದರು. ನನ್ನನ್ನು ನಡುಜಾಗದಲ್ಲಿ ಕೂರಿಸಿದರು. ಮಳೆ, ಮೀನು, ಹಿಂದೂಸ್ತಾನದ ಆರೋಗ್ಯ ಎಲ್ಲವನ್ನೂ ವಿಚಾರಿಸಿದರು. ಬಂದ ಕೆಲಸವೊಂದನ್ನು ಬಿಟ್ಟು.

ಕಾಫಿ ಬಂತು. ಬೀಜದ್ದಲ್ಲ, ಕಾಫಿ ಹಣ್ಣಿನ ಸಿಪ್ಪೆಯನ್ನು ಶುಂಠಿ ಹಾಕಿ ಕುದಿಸಿದ್ದು, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ. ಸುರಿದುಕೊಂಡು ಬಂದ ಯಹ್ಯಾನ ಚಿಕ್ಕಪ್ಪ ಮೊದಲ ಬಟ್ಟಲನ್ನು ನನಗೇ ಕೊಟ್ಟರು. ಈಗ ನಮ್ಮ ಊರಿನ ಅಭ್ಯಾಸ ನೋಡಿ. ಪಂಕ್ತಿಯಲ್ಲಿ ಕೊನೆಯ ಎಲೆಗೆ ಬಡಿಸಿ ಆಗುವ ತನಕ ಮೊದಲ ಎಲೆಯವನು ಕೈಹಾಕಿದರೆ ಅಜ್ಜಿ ಮೊಣಕೈಗೊಂದು ಕೊಡುತ್ತಿದ್ದಳು. ಎಲ್ಲರಿಗೂ ಬರಲಿ ಎಂದು ನಾನು ಮರ್ಯಾದಸ್ಥನ ಹಾಗೆ ಬಟ್ಟಲನ್ನು ಮುಂದೆ ನೆಲದ ಮೇಲಿಟ್ಟು ಕೈಕಟ್ಟಿ ಕೂತೆ. ಅಬ್ಕೈಕಿನಲ್ಲಿ ನಾನು ಕುಡಿಯುತ್ತಿದ್ದದ್ದು ಮಲಯಾಳಿ ಕ್ಯಾಂಟೀನಿನ ಹಾಲಿನ ಚಹಾ. ಅರಬ್ಬರ ಚಾವಡಿಯಲ್ಲಿ ಕೂತದ್ದು ಅದೇ ಮೊದಲು.

ಮಾತು ನಿಂತುಹೋಯಿತು. ಚಿಕ್ಕಪ್ಪ ಮುಂದಿನವರಿಗೆ ಸುರಿಯುವುದನ್ನೂ ನಿಲ್ಲಿಸಿದರು. ಎಲ್ಲರೂ ನನ್ನ ಬಟ್ಟಲನ್ನೇ ನೋಡುತ್ತಿದ್ದಾರೆ. ಯಹ್ಯಾನ ಮುಖ ಬಿಳಿಚಿಕೊಂಡಿತ್ತು. ಅಬೂ ಯಹ್ಯಾ ಮೆಲ್ಲಗೆ ಏನೋ ಕೇಳಿದರು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಬ್ಯಾರಿಯವರು ನನ್ನ ಕಡೆ ಬಾಗಿದರು. "ಎಂತ ಮಾಡಿದ್ರಿ ಮಾರಾಯ್ರೆ! ಇವ್ರಲ್ಲಿ ಕಾಫಿ ಕುಡಿಯದೆ ಕೆಳಗಿಟ್ರೆ, ನನಗೊಂದು ಬೇಡಿಕೆ ಉಂಟು, ನಡೆಸಿಕೊಟ್ರೆ ಮಾತ್ರ ಕುಡಿತೇನೆ ಅಂತ ಲೆಕ್ಕ. ಬೇಡಿಕೆ ಎಂತದು ಅಂತ ಕೇಳ್ತಿದ್ದಾರೆ. ಇಷ್ಟು ಜನರ ಎದುರು. ಇಲ್ಲ ಅಂದ್ರೆ ಅವರ ಮರ್ಯಾದೆ ಹೋಯ್ತು."

"ನಾನು ಎಲ್ಲರಿಗೂ ಬಡಿಸ್ಲಿ ಅಂತ ಇಟ್ಟದ್ದು ಬ್ಯಾರಿಗಳೇ!"

"ಅದನ್ನು ಈಗ ಹೇಳ್ತೀರಾ? ಮೂರು ದಿನ ಮುಚ್ಚಿರ್ಬೇಕಾದ ಬಾಗಿಲು ತನ್ನಷ್ಟಕ್ಕೆ ತೆರೆದದ್ದು. ಕೇಳಿ, ಈಗ್ಲೇ ಕೇಳಿ."

ಕೇಳಿದೆ. ನಾನು ಕನ್ನಡದಲ್ಲಿ ಹೇಳಿದ್ದನ್ನು ಬ್ಯಾರಿಯವರು ಅರಬ್ಬಿಗೆ ತಿರುಗಿಸಿದರು. ಇಷ್ಟು ಚುರುಕಾದ ಕೈ ನಾನು ಕಂಡಿಲ್ಲ, ಎರಡು ವರ್ಷ ಬಿಟ್ಟುಕೊಡಿ, ಎಂದೆ. ಅಬೂ ಯಹ್ಯಾ ತಲೆತಗ್ಗಿಸಿ ಕೇಳಿಸಿಕೊಂಡರು. ಸಿಟ್ಟು ಕಾಣಲಿಲ್ಲ, ಮೂಲೆಗೆ ಸಿಕ್ಕಿಬಿದ್ದ ಮನುಷ್ಯನ ಸಂಕಟ ಕಂಡಿತು. ನನಗೇ ಪಿಚ್ಚೆನಿಸಿತು.

"ನನ್ನ ದೋಣಿಗಳಿಗೆ ಎಂಜಿನ್ ಹಾಕಿದೆ," ಎಂದರು ಅವರು. "ಕೆಟ್ಟರೆ ಎರಡು ವಾರ ದಡದಲ್ಲೇ. ಎಂಜಿನ್ ಕಲಿತು ಬಾ ಅಂತ ಇವನನ್ನು ಕಳಿಸಿದೆ. ಅದೂ ಹೋಗಲಿ. ಅಷ್ಟು ದೂರ ಹೋಗಿ ಕಲಿತವನು ತಿರುಗಿ ಬಂದಾನೆಂದು ಯಾರು ಹೇಳುತ್ತಾರೆ? ಬಂದರೆ ಅವನಿಗೆ ಈ ದೇಶದಲ್ಲಿ ಕೆಲಸ ಎಲ್ಲಿದೆ?"

"ಇದೆ," ಎಂದೆ. "ಅವನಿಗಾಗಿ ಗೊತ್ತುಮಾಡಿದ ಕೆಲಸ ಕಾದಿದೆ."

"ಯಾವುದು?"

ಇಲ್ಲಿ ನಾನು ತಡೆದೆ. ಇಡೀ ದಾರಿಯಲ್ಲಿ ಬ್ಯಾರಿಯವರಿಗೂ ಹೇಳದ ಮಾತದು. ಅಬೂ ಯಹ್ಯಾರ ಕಣ್ಣು ನನ್ನ ಮೇಲೇ ಇತ್ತು. "ನನ್ನದು," ಎಂದೆ. "ನಮ್ಮನ್ನು ಕರೆಸಿಕೊಂಡದ್ದೇ ಇವರು ಕಲಿಯುವ ತನಕ. ಅವನು ವಾಪಸು ಬಂದ ದಿನ ನನ್ನ ಕುರ್ಚಿ ಅವನದು. ನಾನು ಊರಿಗೆ."

ಬ್ಯಾರಿಯವರು ಭಾಷಾಂತರಿಸದೆ ನನ್ನ ಮುಖ ನೋಡಿದರು. "ಹೇಳಿ," ಎಂದೆ. ಹೇಳಿದರು.

ಅಬೂ ಯಹ್ಯಾ ಎದ್ದರು. ಮನೆಯೊಳಕ್ಕೆ ಹೋಗಿ ಸಣ್ಣ ಬಟ್ಟೆಯ ಚೀಲದಿಂದ ಮುದ್ರೆ ತೆಗೆದುಕೊಂಡು ಬಂದರು. "ತನ್ನ ಅನ್ನದ ತಟ್ಟೆಯನ್ನು ನನ್ನ ಮಗನ ಮುಂದೆ ಸರಿಸಲು ಇಷ್ಟು ದೂರ ಬಂದವನು ಸುಳ್ಳು ಹೇಳಲಾರ," ಎಂದು ನೆಂಟರಿಗೆ ಹೇಳಿದರಂತೆ. ಅರ್ಜಿಯ ಮೇಲೆ ಒತ್ತಿ, ನನ್ನ ಕಡೆ ತಿರುಗಿ, "ಈಗ ಕುಡಿ," ಎಂದರು. ಕಾಫಿ ತಣ್ಣಗಾಗಿತ್ತು. ಒಂದೇ ಗುಟುಕಿಗೆ ಕುಡಿದೆ. ಎಲ್ಲರಿಗೂ ಬಡಿಸಿ ಆಗಿತ್ತೋ ಇಲ್ಲವೋ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಬ್ಯಾರಿಯವರು ಭಾವನನ್ನು ನೋಡಿ ಬಂದರು. ನನಗೆ ದೋಣಿಯಲ್ಲೊಂದು ಸುತ್ತು. ಊಟದ ಮೇಲೆ ಹೊರಟೆವು. ಯಹ್ಯಾನ ತಾಯಿ ಬಾಗಿಲ ಮರೆಯಿಂದಲೇ ಒಂದು ಮೊಳ ಮಲ್ಲಿಗೆ, ಎರಡು ಪಪ್ಪಾಯಿ ಕಳಿಸಿದ್ದರು. ಘಾಟಿ ಹತ್ತಿ ಆ ರಾತ್ರಿ ಖಮೀಸಿನಲ್ಲಿ ತಂಗಿದೆವು.

ಶುಕ್ರವಾರ ಬೆಳಿಗ್ಗೆ ಖಮೀಸಿನ ಹೊರಗೆ ಹಿಂದಿನ ಚಕ್ರ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯ ಪಠಾಣ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ನೋಡುತ್ತಿದ್ದಾಗ ಯಹ್ಯಾ ನನ್ನೆದುರು ಬಂದು ನಿಂತ. "ಉಸ್ತಾದ್, ಕುರ್ಚಿಯ ಮಾತು ನಿಜವಾ? ನನಗೆ ಗೊತ್ತಿದ್ದರೆ ನಿಮ್ಮನ್ನು ಕರೆಯುತ್ತಿರಲಿಲ್ಲ. ಅರ್ಜಿ ಕೊಡಿ, ಹರಿದುಬಿಡುತ್ತೇನೆ."

"ಹರಿ," ಎಂದೆ. "ನಿನ್ನ ಬದಲು ಮುಂದಿನವನು ಹೋಗುತ್ತಾನೆ. ಕುರ್ಚಿ ಅವನದಾಗುತ್ತದೆ. ನಿನಗಿಂತ ದಡ್ಡ." ಅವನು ನಗಲಿಲ್ಲ. ಅವನ ಕಣ್ಣಿನಲ್ಲಿ ನೀರಿತ್ತು. ಅದನ್ನು ಕಂಡು ನನಗೆ ಹೇಳದೆ ಇರಲಾಗಲಿಲ್ಲ.

ಗರಡಿಯ ಗುರು ಒಂದು ಪಟ್ಟನ್ನು ತನಗೆಂದು ಉಳಿಸಿಕೊಂಡೇ ಕಲಿಸುತ್ತಾನಂತೆ. ಗಲ್ಫಿನಲ್ಲಿ ಕಲಿಸಲು ಬಂದ ನಾವೆಲ್ಲ ಆ ಗುರುಗಳೇ. ನಾನೂ ಉಳಿಸಿಕೊಂಡಿದ್ದೆ. ಉಪಕರಣದ ಸೂಜಿಗಾತ್ರದ ರಂಧ್ರದಲ್ಲಿ ಎಲ್ಲಿ ಕಸ ಕೂತಿದೆಯೆಂದು, ಒಂದು ತಿರುಪನ್ನೂ ಬಿಚ್ಚದೆ, ಗಾಳಿಯ ಸದ್ದಿನಿಂದಲೇ ಹೇಳುವ ವಿದ್ಯೆ. ಪುಸ್ತಕದಲ್ಲಿಲ್ಲ. ಮಂಗಳೂರಿನ ಗೊಬ್ಬರದ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಕಿವಿಗೊಟ್ಟು ನಾನೇ ಕಂಡುಕೊಂಡದ್ದು. ಸ್ಥಾವರ ನಿಂತಾಗ ಎಲ್ಲರೂ ನನ್ನನ್ನೇ ಕರೆಯುತ್ತಿದ್ದದ್ದು ಅದಕ್ಕೇ.

ಪಠಾಣನ ಗಾಳಿಯ ಪೈಪು ಕೇಳಿ ತೆಗೆದುಕೊಂಡೆ. ಜೇಬಿನ ಬಾಲ್‌ಪೆನ್ ಬಿಚ್ಚಿ ಅದರ ಕೊಳವೆಯನ್ನು ಪೈಪಿನ ಬಾಯಿಗಿಟ್ಟು, ಒಳಗೆ ಮರಳಿನ ಕಾಳು ಹಾಕಿ, ಯಹ್ಯಾನ ಕಿವಿಯ ಬಳಿ ಹಿಡಿದೆ. "ಕೇಳು. ಕಸ ಮುಂದಿದ್ದರೆ ಸಿಳ್ಳು. ಹಿಂದಿದ್ದರೆ ಉಬ್ಬಸ." ಹಲವು ಸಲ ತಪ್ಪಿದ. ಚಕ್ರ ಹಾಕಿ ಆದರೂ ನಾವು ಏಳಲಿಲ್ಲ. ಬ್ಯಾರಿಯವರು ಹಾರ್ನ್ ಒತ್ತಿದರು. ಕೊನೆಗೆ ಕಣ್ಣುಮುಚ್ಚಿ ಐದಕ್ಕೆ ಐದೂ ಸರಿ ಹೇಳಿದ.

"ಇದನ್ನು ತರಗತಿಯಲ್ಲಿ ಹೇಳಿರಲಿಲ್ಲ," ಎಂದ.

"ಹೇಳಿರಲಿಲ್ಲ. ಹೆದರಿಕೆಯಿತ್ತು," ಎಂದೆ.

ರಾತ್ರಿಯಿಡೀ ಗಾಡಿ ಓಡಿಸಿ, ಶನಿವಾರ ಬೆಳಿಗ್ಗೆ ಏಳೂವರೆಗೆ ಅರ್ಜಿ ಕಚೇರಿಯ ಮೇಜಿನ ಮೇಲಿತ್ತು. ಗುಮಾಸ್ತ ಮೊಹರು ಒತ್ತಿದ ಮೇಲೆ ನಾನು ಸ್ನಾನವೂ ಇಲ್ಲದೆ ತರಗತಿಗೆ ಹೋದೆ. ಉಳಿದ ಹನ್ನೊಂದು ಹುಡುಗರು ಪುಸ್ತಕ ತೆರೆದು ಕಾಯುತ್ತಿದ್ದರು. ಪುಸ್ತಕ ಮುಚ್ಚಿ ಹತ್ತಿರ ಬನ್ನಿ ಎಂದು ಹೇಳಿ, ಗಾಳಿಯ ಪೈಪನ್ನು ಕೈಗೆತ್ತಿಕೊಂಡೆ.