ಅಶ್ವತ್ಥದ ಎಲೆಯ ಬೆಳ್ಳಿ

ಮಳೆ ಹಿಂದೆ ಸರಿದು ನಾಲ್ಕು ದಿನ ಬಿಸಿಲು ಕಾಯಿತೆಂದರೆ ಮುಳಿಹುಲ್ಲಿನಿಂದ ಒಂದು ವಾಸನೆ ಏಳುತ್ತದೆ. ಬುಡ ಇನ್ನೂ ಹಸಿ, ತುದಿ ಆಗಲೇ ಒಣಗಿದ ಹುಲ್ಲಿನ ವಾಸನೆ. ಅದರಡಿಯಲ್ಲಿ ಬೆಚ್ಚಗಾದ ಕೆಂಪು ಮುರಕಲ್ಲಿನದೂ ಸ್ವಲ್ಪ ಬೆರೆತಿರುತ್ತದೆ. ಮೊನ್ನೆ ಮಣಿಪಾಲದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಎರಡು ಕಟ್ಟಡಗಳ ನಡುವೆ ಹೇಗೋ ಉಳಿದುಕೊಂಡ ಒಂದು ತುಂಡು ಬಯಲಿನಿಂದ ಆ ವಾಸನೆ ಬಂತು. ಬಸ್ಸು ಬಂದು ಹೋಯಿತು, ನಾನು ನಿಂತೇ ಇದ್ದೆ. ನಿಮಗೂ ಹೀಗೆ ಆಗಿರಬಹುದು. ಹೋದವರ ಮುಖಕ್ಕಿಂತ ಮೊದಲು ಅವರ ಸುತ್ತ ಇದ್ದ ಗಾಳಿ ನೆನಪಾಗುತ್ತದೆ.

ನಮ್ಮ ಮನೆ ಎಲ್ಲೂರಿನ ಕಡೆ, ಪದವಿನ ಬುಡದಲ್ಲಿತ್ತು. ಮುರಕಲ್ಲಿನ ಎತ್ತರದ ಬಯಲಿಗೆ ನಾವು ಪದವು ಎನ್ನುತ್ತೇವೆ. ಅಪ್ಪ ದುಬೈಯಲ್ಲಿದ್ದರು. ಮನೆಯಲ್ಲಿ ಅಜ್ಜಿ, ಅಮ್ಮ, ಅಮ್ಮನ ತಂಗಿ ಸುಮತಿ ಚಿಕ್ಕಮ್ಮ ಮತ್ತು ನಾನು. ಚಿಕ್ಕಮ್ಮ ಮದುವೆಯಾಗಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ, ಮಡಿಲಲ್ಲಿ ಮೊರದಂಥ ತಡಪೆ ಇಟ್ಟುಕೊಂಡು ದಿನವಿಡೀ ಬೀಡಿ ಕಟ್ಟುತ್ತಿದ್ದಳು. ಎಲೆ ಸುರುಳಿ ಮಾಡುವುದಕ್ಕೂ ನೂಲು ಸುತ್ತುವುದಕ್ಕೂ ಅವಳ ಬೆರಳಿಗೆ ಕಣ್ಣು ಬೇಕಿರಲಿಲ್ಲ. ಹಾಗಾಗಿ ಕಣ್ಣು ಯಾವಾಗಲೂ ಹೊರಗೆ, ಅಂಗಳದಲ್ಲಿ, ಗದ್ದೆಯಲ್ಲಿ, ಪದವಿನ ಅಂಚಿನಲ್ಲಿ ಇರುತ್ತಿತ್ತು. ನಾನು ಈ ಭೂಮಿಯ ಮೇಲೆ ನೋಡಿದ್ದರಲ್ಲಿ ಅರ್ಧಕ್ಕರ್ಧ ಅವಳ ಕಣ್ಣು ಹೋದ ದಿಕ್ಕಿಗೆ ತಿರುಗಿ ನೋಡಿದ್ದು.

ಮಳೆಗಾಲ ಮುಗಿಯುತ್ತಿದ್ದಂತೆ ಬಾಲ ಕುಣಿಸುವ ಬೂದು ಹಕ್ಕಿ ಎಲ್ಲಿಂದಲೋ ಬಂದು ಅಂಗಳದಲ್ಲಿ ಇಳಿಯುತ್ತಿತ್ತು. "ಓ, ಬಂದರು ಸಾಹೇಬರು. ಇನ್ನು ಬೇಸಗೆವರೆಗೆ ನಮ್ಮ ಅಂಗಳ ಇವರದ್ದೇ," ಎನ್ನುತ್ತಿದ್ದಳು ಚಿಕ್ಕಮ್ಮ. ಗರಿಗಳೆಲ್ಲ ಉದುರಿ ಬೋಳು ಹಿಂಭಾಗ ಹೊತ್ತು ಗದ್ದೆಗಳ ನಡುವಿನ ಹುಣಿಯ ಮೇಲೆ ನಡೆಯುವ ಗಂಡು ನವಿಲನ್ನು ಕಂಡರೆ, "ನೋಡು, ಮದುವೆ ಮುಗಿಯಿತು, ಬಾಡಿಗೆ ಕೋಟು ವಾಪಸು ಕೊಟ್ಟು ಬಂದಿದ್ದಾನೆ," ಎಂದು ನಗುತ್ತಿದ್ದಳು. ಸಂಜೆ ಕೆಲಸ ಮುಗಿದ ಮೇಲೆ ನನ್ನನ್ನು ಪದವಿಗೆ ಕರೆದುಕೊಂಡು ಹೋಗುತ್ತಿದ್ದಳು. ಕಲ್ಲಿನ ಗುಂಡಿಗಳಲ್ಲಿ ನಿಂತ ನೀರಿನ ಸುತ್ತ ಸಾಸಿವೆಗಿಂತ ತುಸು ದೊಡ್ಡದಾದ ನೀಲಿ ಹೂಗಳು; ದೂರದಿಂದ ನೋಡಿದರೆ ನೆಲವೇ ನೀಲಿ, ಮೊಣಕಾಲೂರಿ ನೋಡಿದರೆ ಮಾತ್ರ ಒಂದೊಂದು ಹೂವೂ ಬೇರೆ. ಪಕ್ಕದಲ್ಲಿ ಅಂಟು ಹನಿ ಹೊತ್ತು ನುಸಿ ಹಿಡಿಯುವ ಕೆಂಪು ಗಿಡ. ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಎದ್ದ ಗೌರಿ ಹೂ. ಅವಳಿಗೆ ಎಲ್ಲದರ ಹೆಸರು ಗೊತ್ತಿರಲಿಲ್ಲ. ಯಾವುದು ಯಾವ ಕಲ್ಲಿನ ಮಗ್ಗುಲಲ್ಲಿ ಯಾವಾಗ ಬರುತ್ತದೆ ಎಂಬುದು ಗೊತ್ತಿತ್ತು. "ಬೀಡಿ ಕಟ್ಟುವವಳಿಗೆ ಹುಲ್ಲು ಮಾತಾಡಿಸುವ ಕೆಲಸ ಯಾರು ಕೊಟ್ಟದ್ದು?" ಎಂದು ಅಜ್ಜಿ ಗೊಣಗುತ್ತಿದ್ದಳು.

ನನಗೆ ಒಂಬತ್ತು ವರ್ಷವಾದ ಶರತ್ಕಾಲದಲ್ಲಿ ಒಂದು ತಪ್ಪು ಮಾಡಿದೆ. ನವರಾತ್ರಿಯ ಹೊತ್ತಿಗೆ ನಮ್ಮಲ್ಲಿ ಕದಿರು ಕಟ್ಟುವುದುಂಟು. ಹೊಸ ಭತ್ತದ ತೆನೆಯನ್ನು ಮಾವು, ಹಲಸು, ಬಿದಿರು, ಅಶ್ವತ್ಥದ ಎಲೆಗಳಲ್ಲಿ ಸುತ್ತಿ, ಮರದ ನಾರಿನಿಂದ ಬಿಗಿದು ಮನೆಯ ಕಂಬಕ್ಕೆ ಕಟ್ಟಬೇಕು. ಕಟ್ಟಿದ್ದನ್ನು ಮುಂದಿನ ವರ್ಷದವರೆಗೆ ಬಿಚ್ಚುವಂತಿಲ್ಲ. ಆ ವರ್ಷ ಬೆಳಗು ಹರಿಯುವ ಮೊದಲೇ ಎಲೆ ತರುವ ಕೆಲಸ ಮೊದಲ ಬಾರಿಗೆ ನನಗೆ ಸಿಕ್ಕಿತು. ಟಾರ್ಚಿನ ಬೆಳಕಿಗೆ ಅಶ್ವತ್ಥದ ಒಂದು ಎಲೆಯಡಿಯಲ್ಲಿ ಏನೋ ಮಿನುಗುತ್ತಿತ್ತು. ಕನ್ನಡಿಯಂತೆ ಹೊಳೆಯುವ, ಬೆಳ್ಳಿಯ ಓಲೆಯಂಥ ವಸ್ತು. ದೇವರಿಗೆ ಮರವೇ ಮಾಡಿಕೊಟ್ಟ ಆಭರಣ ಎಂದುಕೊಂಡೆ. ಬೇರೆ ಯಾರೂ ಕಾಣದ ಹಾಗೆ ಹೊಳೆಯುವ ಬದಿಯನ್ನು ಒಳಗೆ ಮಾಡಿ ಅಜ್ಜಿಯ ಕೈಗೆ ಕೊಟ್ಟೆ. ಅಜ್ಜಿ ನಾರು ಸುತ್ತಿ ಬಿಗಿಯಾಗಿ ಎಳೆದು, ಜಗಲಿಯ ಕಂಬಕ್ಕೆ ಕಟ್ಟಿದಳು.

ಮಧ್ಯಾಹ್ನ ಚಿಕ್ಕಮ್ಮನ ಕೈ ನಿಂತಿತು. ಬೀಡಿ ಕಟ್ಟುತ್ತಾ ಅವಳ ಕೈ ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಂಬದ ಹತ್ತಿರ ಮುಖ ಕೊಂಡುಹೋಗಿ ಎಲೆಗಳ ನಡುವೆ ಇಣುಕಿದಳು.

"ಮಗಾ, ಈ ಎಲೆ ನೀನು ತಂದದ್ದಾ?"

"ಹೌದು. ಬೆಳ್ಳಿ ಉಂಟು ಅದರಲ್ಲಿ."

"ಬೆಳ್ಳಿ ಅಲ್ಲ ಮಾರಾಯ್ತಿ, ಜೀವ ಉಂಟು. ಪಾತರಗಿತ್ತಿ ಮಲಗಿದೆ ಒಳಗೆ. ನಾರು ಅದರ ಮೇಲೆಯೇ ಬಿದ್ದಿದೆ."

ದೇವರ ಕದಿರಿನೊಳಗೆ ನಾನೊಂದು ಜೀವವನ್ನು ಕಟ್ಟಿ ಕೊಲ್ಲುತ್ತಿದ್ದೆ. ಬಿಚ್ಚು ಎಂದು ಅಳತೊಡಗಿದೆ. ಒಳಗಿಂದ ಬಂದ ಅಜ್ಜಿ ವಿಷಯ ಕೇಳಿ ತಲೆಯಾಡಿಸಿದಳು. "ಕಟ್ಟಿದ ಕದಿರು ಬಿಚ್ಚಿದವರು ಈ ಮನೆಯಲ್ಲಿ ಇಲ್ಲ ಸುಮತಿ."

"ಬಿಚ್ಚುವುದು ಯಾರು ಅಮ್ಮ? ಇನ್ನೊಂದು ಸುತ್ತು ಕಟ್ಟುತ್ತೇನೆ. ಕಟ್ಟಬಾರದು ಅಂತ ಎಲ್ಲಿಯಾದರೂ ಉಂಟಾ?"

ಚಿಕ್ಕಮ್ಮ ತಡಪೆಯಿಂದ ಬೀಡಿಯ ನೂಲು ತೆಗೆದು, ಆ ಎಲೆಯ ಉದ್ದ ತುದಿಗೆ ಗಂಟು ಹಾಕಿದಳು. ಉಗುರಿನಿಂದ ಎಲೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರಿಸುತ್ತಾ ನೂಲನ್ನು ಕಂಬದ ಮೇಲಿದ್ದೊಂದು ಮೊಳೆಗೆ ಎಳೆದು ಕಟ್ಟಿದಳು. ಎಲೆ ಹೊರಕ್ಕೆ ಬಾಗಿತು. ಬೆಳ್ಳಿಯ ಓಲೆ ನಾರಿನಿಂದ ತಪ್ಪಿಸಿಕೊಂಡು ಗಾಳಿಯಲ್ಲಿ ತೂಗಿತು. ಅದರ ಒಂದು ಬದಿ ತಗ್ಗಾಗಿತ್ತು.

"ಬದುಕುತ್ತದಾ?"

"ಗೊತ್ತಿಲ್ಲ ಮಗಾ," ಎಂದಳು. ಮಕ್ಕಳನ್ನು ಸಮಾಧಾನ ಮಾಡುವುದಕ್ಕೆ ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಎಂಟೊಂಬತ್ತು ದಿನ ಕಾದೆವು. ಶಾಲೆಯಿಂದ ಓಡಿ ಬಂದು ಮೊದಲು ಕಂಬ ನೋಡುತ್ತಿದ್ದೆ. ಕೊನೆಗೊಂದು ಸಂಜೆ ಬೆಳ್ಳಿ ಮಾಸಿ ಕಪ್ಪಾಯಿತು. ಸತ್ತಿತು ಎಂದುಕೊಂಡು ನಾನು ಊಟ ಬಿಟ್ಟೆ. ಮರುದಿನ ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೋಗಬೇಕಿದ್ದ ಚಿಕ್ಕಮ್ಮ ಹೋಗಲಿಲ್ಲ. ನನ್ನನ್ನೂ ಶಾಲೆಗೆ ಕಳಿಸಲಿಲ್ಲ. ಬಿಸಿಲು ಜಗಲಿಗೆ ಬಂದಾಗ ಸಿಪ್ಪೆ ಸೀಳಿತು. ಮುದ್ದೆಯಾದ ಒದ್ದೆ ಬಟ್ಟೆಯಂಥದ್ದೊಂದು ಹೊರಬಂದು, ಸಿಪ್ಪೆಗೇ ಜೋತುಬಿದ್ದು ನಿಧಾನವಾಗಿ ಅಗಲವಾಯಿತು. ಕಂದು ರೆಕ್ಕೆ, ಅಂಚಿಗೆ ಬಿಳಿ ಚುಕ್ಕೆಗಳು. ಅಂಗಳ ಗುಡಿಸುತ್ತಿದ್ದ ಅಜ್ಜಿ ಹಿಡಿಸೂಡಿ ಹಿಡಿದುಕೊಂಡೇ ಬಂದು ನಿಂತಳು. "ಆ ಕೋಳಿಯನ್ನು ಅತ್ತ ಓಡಿಸಿ," ಎಂದಳು.

ಬಲಗಡೆಯ ರೆಕ್ಕೆಯ ತುದಿ ಮಡಚಿಕೊಂಡೇ ಉಳಿಯಿತು. ನಾರು ಒತ್ತಿದ ಜಾಗ ಅದು. ನಾನು ಚಿಕ್ಕಮ್ಮನ ಮುಖ ನೋಡಿದೆ.

"ಸ್ವಲ್ಪ ಸೊಟ್ಟ ಉಂಟು," ಎಂದಳು. "ಹಾರುವುದಕ್ಕೆ ಸಾಕು."

ಅದು ಹಾರಿತು. ಒಂದು ಕಡೆಗೆ ವಾಲುತ್ತಾ, ಬಾವಿಕಟ್ಟೆ ದಾಟಿ, ಬೇಲಿಯ ಗೌರಿ ಹೂವಿನ ಮೇಲಿಂದ ಪದವಿನ ಕಡೆಗೆ ಏರಿತು.

ಆ ಮನೆ ಈಗಿಲ್ಲ. ಯೋಜನೆಯೊಂದಕ್ಕೆ ಜಾಗ ಹೋಯಿತು. ಪದವಿನ ಸುತ್ತ ಬೇಲಿ ಬಂತು. ಅಜ್ಜಿ ಅದಕ್ಕೆ ಮೊದಲೇ ತೀರಿಕೊಂಡಿದ್ದಳು. ನಾವು ಕಾರ್ಕಳಕ್ಕೆ ಬಂದೆವು. ಹೊಸ ಊರಿನ ಕಪ್ಪು ಬಂಡೆಯ ಮೇಲೆ ಹತ್ತಿ ಚಿಕ್ಕಮ್ಮ ಮೊದಲ ವರ್ಷವೇ ಅದೇ ನೀಲಿ ಹೂಗಳನ್ನು ಹುಡುಕಿದಳು. "ನಮಗಿಂತ ಮೊದಲೇ ಬಂದು ಕೂತಿವೆ," ಎಂದು ಕೂಗಿ ನನ್ನನ್ನು ಕರೆದಳು. ಈ ವರ್ಷದ ಆಟಿ ತಿಂಗಳಲ್ಲಿ, ಮಳೆ ಜೋರಾಗಿದ್ದ ದಿನಗಳಲ್ಲಿ, ಅವಳೂ ಹೋದಳು.

ಸಾವಾದ ವರ್ಷ ಮನೆಯಲ್ಲಿ ಹಬ್ಬವಿಲ್ಲ, ಕದಿರು ಕಟ್ಟುವುದಿಲ್ಲ. ಆದರೂ ಕದಿರಿನ ದಿನ ಬೆಳಗಿನ ಜಾವಕ್ಕೆ ನನಗೆ ಎಚ್ಚರವಾಯಿತು. ಎದ್ದು ಹೊರಟೆ. ಮಾವಿನ ಬಳಿ ನಿಂತೆ, ಹಲಸಿನ ಬಳಿ ನಿಂತೆ, ಬಿದಿರಿನ ಹಿಂಡಿನ ಪಕ್ಕ ಸ್ವಲ್ಪ ಹೊತ್ತು ಕೂತೆ. ಇಬ್ಬನಿಯಲ್ಲಿ ಎಲ್ಲವೂ ತೊಳೆದಿಟ್ಟ ಹಾಗಿದ್ದವು. ಬೆಳಕು ಹರಿಯುವವರೆಗೆ ಅಶ್ವತ್ಥದ ಎಲೆಗಳನ್ನು ನೋಡಿ, ಬರಿಗೈಯಲ್ಲಿ ಮನೆಗೆ ಬಂದೆ. ನಮ್ಮ ಪಾಲಿನ ಎಲೆಗಳೆಲ್ಲ ಈ ವರ್ಷ ಮರದಲ್ಲೇ ಇವೆ.